ಆಂಜಸ್ ಒಪ್ಪಂದ ಮತ್ತು ಮಿತ್ರರಾಷ್ಟ್ರಗಳ ರಕ್ಷಣಾ ಸಮಾಲೋಚನೆ

ಆಂಜಸ್: ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಅಮೆರಿಕಗಳ ನಡುವಣ ರಕ್ಷಣಾ ಒಪ್ಪಂದ. 1951ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿಯಾಗಿ, 1952ರ ಏಪ್ರಿಲ್ 29ರಂದು ಜಾರಿಗೆ ಬಂತು. ನೇಟೊಗೆ ಇರುವಂಥ ಜಂಟಿ ಸೇನಾಧಿಪತ್ಯವಾಗಲಿ ಕೇಂದ್ರ ಕಚೇರಿಯಾಗಲಿ ಇದಕ್ಕಿಲ್ಲ. ಹನ್ನೊಂದು ವಿಧಿಗಳ ಈ ಚಿಕ್ಕ ಕರಾರಿನ ಜೀವಾಳ ಇರುವುದು ಮೂರನೆಯ ವಿಧಿಯಲ್ಲಿ. ಪೆಸಿಫಿಕ್ ಸಾಗರದಲ್ಲಿ ಮೂವರಲ್ಲಿ ಯಾರದಾದರೂ ನೆಲಕ್ಕೋ ಸ್ವಾತಂತ್ರ್ಯಕ್ಕೋ ಭದ್ರತೆಗೋ ಅಪಾಯವಿದೆಯೆಂದು ಅವರಲ್ಲಿ ಯಾರಿಗೆ ಅನ್ನಿಸಿದರೂ ಎಲ್ಲರೂ ಕೂಡಿ ಸಮಾಲೋಚಿಸಬೇಕು ಎನ್ನುತ್ತದೆ ಅದು. ದಾಳಿಯೇ ನಡೆದಾಗ ಏನು ಮಾಡಬೇಕೆಂಬುದನ್ನು ನಾಲ್ಕನೆಯ ವಿಧಿ ಆಯಾ ದೇಶದ ಸಾಂವಿಧಾನಿಕ ಪ್ರಕ್ರಿಯೆಗೆ ಬಿಡುತ್ತದೆ. ಹೀಗಾಗಿ ಆಂಜಸ್‌ನ ಚರಿತ್ರೆ ಬಹುಮಟ್ಟಿಗೆ ಸಭೆಗಳ ಚರಿತ್ರೆ. ನಡೆದ ಸಭೆಗಳಷ್ಟೇ ನಡೆಯದೆ ಹೋದವುಗಳೂ ಅದರಲ್ಲಿ ಮುಖ್ಯ.

ಒಪ್ಪಂದ ಹುಟ್ಟಿದ್ದು ಜಪಾನಿನ ಭಯದಿಂದ. 1942ರ ಫೆಬ್ರವರಿ 19ರಂದು ಡಾರ್ವಿನ್ ನಗರದ ಮೇಲೆ ಬಿದ್ದ ಬಾಂಬುಗಳನ್ನು ಆಸ್ಟ್ರೇಲಿಯ ಮರೆತಿರಲಿಲ್ಲ. ಸೋತ ಜಪಾನಿನೊಂದಿಗೆ ಉದಾರವಾದ ಶಾಂತಿ ಒಪ್ಪಂದಕ್ಕೆ ಅಮೆರಿಕ ಹೊರಟಾಗ, ನಮ್ಮ ಭದ್ರತೆಗೆ ಖಾತರಿ ಕೊಟ್ಟರೆ ಮಾತ್ರ ಒಪ್ಪುತ್ತೇವೆ ಎಂದು ಆಸ್ಟ್ರೇಲಿಯದ ವಿದೇಶಾಂಗ ಸಚಿವ ಪರ್ಸಿ ಸ್ಪೆಂಡರ್ ಪಟ್ಟು ಹಿಡಿದರು. 1951ರ ಫೆಬ್ರವರಿಯಲ್ಲಿ ಅಮೆರಿಕದ ಪ್ರತಿನಿಧಿ ಜಾನ್ ಫಾಸ್ಟರ್ ಡಲೆಸ್ ಕ್ಯಾನ್‌ಬೆರಾಕ್ಕೆ ಬಂದಾಗ ಕರಡು ಸಿದ್ಧವಾಯಿತು. ಬ್ರಿಟನ್ನನ್ನು ಸೇರಿಸಿಕೊಳ್ಳಲಿಲ್ಲ, ಚರ್ಚಿಲ್ ಅದನ್ನು ಅವಮಾನವೆಂದೇ ಬಗೆದರು.

ಏಳನೆಯ ವಿಧಿಯಂತೆ ವಿದೇಶಾಂಗ ಸಚಿವರ ಮಂಡಳಿಯೊಂದು ರಚನೆಯಾಗಿ, 1952ರ ಆಗಸ್ಟ್‌ನಲ್ಲಿ ಹವಾಯಿಯಲ್ಲಿ ಮೊದಲ ಬಾರಿಗೆ ಸೇರಿತು. ವಾಷಿಂಗ್ಟನ್ನಿನ ಸೇನಾ ಯೋಜಕರೊಡನೆ ನೇರವಾಗಿ ಕೂತು ಮಾತನಾಡಬೇಕೆಂಬುದು ಆಸ್ಟ್ರೇಲಿಯದ ಆಸೆ. ಸಿಕ್ಕಿದ್ದು ಹವಾಯಿಯಲ್ಲಿದ್ದ ಪೆಸಿಫಿಕ್ ಪಡೆಗಳ ಮುಖ್ಯಸ್ಥ ಅಡ್ಮಿರಲ್ ರ‍್ಯಾಡ್‌ಫರ್ಡ್ ಅವರ ಸಂಪರ್ಕ ಮಾತ್ರ. ದೊಡ್ಡ ಮಿತ್ರ ಎಲ್ಲಿಯವರೆಗೆ ಬಾಗಿಲು ತೆರೆಯುತ್ತಾನೆ ಎಂಬ ಪ್ರಶ್ನೆ ಅಂದಿನಿಂದಲೂ ಈ ಮೈತ್ರಿಯ ಬೆನ್ನಿಗಿದೆ. ಸಭೆಗಳಿಗೆ ಇನ್ನೊಂದು ಮುಖವೂ ಇತ್ತು. 1962ರ ಮೇ ತಿಂಗಳಲ್ಲಿ ಕ್ಯಾನ್‌ಬೆರಾದ ಮಂಡಳಿ ಸಭೆಗೆ ಬಂದ ಅಮೆರಿಕದ ವಿದೇಶಾಂಗ ಸಚಿವ ಡೀನ್ ರಸ್ಕ್ ವಿಯೆಟ್ನಾಮಿನ ವಿಷಯ ಎತ್ತಿದರು. ಅದೇ ತಿಂಗಳು ಆಸ್ಟ್ರೇಲಿಯ ಅಲ್ಲಿಗೆ 30 ಸೇನಾ ತರಬೇತುದಾರರನ್ನು ಕಳಿಸುವುದಾಗಿ ಪ್ರಕಟಿಸಿತು. ದೀರ್ಘ ಯುದ್ಧವೊಂದರೊಳಗೆ ಆ ದೇಶ ಇಟ್ಟ ಮೊದಲ ಹೆಜ್ಜೆ ಅದು.

1973ರ ಅಕ್ಟೋಬರ್‌ನ ಅರಬ್–ಇಸ್ರೇಲ್ ಯುದ್ಧದ ವೇಳೆ ಅಮೆರಿಕ ತನ್ನ ಪಡೆಗಳನ್ನು ಕಟ್ಟೆಚ್ಚರದಲ್ಲಿಟ್ಟಿತು. ಆಸ್ಟ್ರೇಲಿಯದ ನೆಲದಲ್ಲೇ ಇದ್ದ ನಾರ್ತ್ ವೆಸ್ಟ್ ಕೇಪ್ ನೌಕಾ ಸಂಪರ್ಕ ಕೇಂದ್ರಕ್ಕೂ ಆ ಆದೇಶ ಹೋಯಿತು, ಆಸ್ಟ್ರೇಲಿಯ ಸರ್ಕಾರಕ್ಕೆ ಮಾತ್ರ ಸುದ್ದಿ ಹೋಗಲಿಲ್ಲ. ಪ್ರಧಾನಿ ಗಾಫ್ ವಿಟ್ಲಮ್ ಕೆರಳಿದರು. ಮರುವರ್ಷದ ಮಾತುಕತೆಯಿಂದ ಕೇಂದ್ರದ ಕಾರ್ಯಾಚರಣೆಯಲ್ಲಿ ಆಸ್ಟ್ರೇಲಿಯಕ್ಕೆ ಪಾಲು ದೊರೆಯಿತು. ವರ್ಷಕ್ಕೊಮ್ಮೆ ಸಚಿವರು ಸೇರಿದರೆ ಸಾಲದು, ಇಕ್ಕಟ್ಟಿನ ಗಳಿಗೆಯಲ್ಲಿ ಹೇಳಿ ಕೇಳಿ ಮಾಡುವ ಏರ್ಪಾಡೂ ಬೇಕೆಂಬುದು ಸ್ಪಷ್ಟವಾದದ್ದು ಆಗ.

ಮೂವರ ಮಂಡಳಿ ಕೊನೆಯ ಬಾರಿ ಸೇರಿದ್ದು 1984ರ ಜುಲೈಯಲ್ಲಿ, ವೆಲಿಂಗ್ಟನ್ನಿನಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ, ಅಣ್ವಸ್ತ್ರ ಹೊತ್ತ ಹಡಗುಗಳನ್ನು ಬರಗೊಡುವುದಿಲ್ಲ ಎಂದಿದ್ದ ಡೇವಿಡ್ ಲಾಂಗಿ ಅವರ ಲೇಬರ್ ಪಕ್ಷ ನ್ಯೂಜಿಲೆಂಡಿನಲ್ಲಿ ಚುನಾವಣೆ ಗೆದ್ದಿತ್ತು. ತನ್ನ ಯಾವ ಹಡಗಿನಲ್ಲಿ ಅಣ್ವಸ್ತ್ರವಿದೆ, ಯಾವುದರಲ್ಲಿ ಇಲ್ಲ ಎಂದು ಹೇಳದಿರುವುದು ಅಮೆರಿಕದ ಪದ್ಧತಿ. 1985ರ ಫೆಬ್ರವರಿಯಲ್ಲಿ ಬುಕಾನನ್ ಎಂಬ ಯುದ್ಧನೌಕೆಗೆ ನ್ಯೂಜಿಲೆಂಡ್ ಪ್ರವೇಶ ನಿರಾಕರಿಸಿತು. ಅಮೆರಿಕ ಕೊಟ್ಟ ಉತ್ತರವನ್ನು ಗಮನಿಸಬೇಕು: ಜಂಟಿ ಕವಾಯತು ರದ್ದಾಯಿತು, ಗುಪ್ತಚರ ಮಾಹಿತಿಯ ಹರಿವು ಕಡಿತವಾಯಿತು, ಅದೇ ವರ್ಷದ ಜುಲೈಯಲ್ಲಿ ಕ್ಯಾನ್‌ಬೆರಾದಲ್ಲಿ ಆಗಬೇಕಿದ್ದ ಮಂಡಳಿ ಸಭೆ ನಿಂತುಹೋಯಿತು. ಮಾತುಕತೆಯೇ ಆಧಾರವಾದ ಮೈತ್ರಿಯಲ್ಲಿ ಮಾತು ಬಿಡುವುದೇ ಶಿಕ್ಷೆಯಾಗಿತ್ತು. 1986ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ಬಗೆಗಿನ ತನ್ನ ಹೊಣೆಯನ್ನು ಅಮೆರಿಕ ವಿಧಿವತ್ತಾಗಿ ಅಮಾನತಿನಲ್ಲಿಟ್ಟಿತು. ನ್ಯೂಜಿಲೆಂಡ್ ಮಣಿಯಲಿಲ್ಲ, 1987ರಲ್ಲಿ ತನ್ನ ನಿಲುವನ್ನು ಕಾನೂನನ್ನಾಗಿಯೇ ಮಾಡಿತು. 

ಉಳಿದಿಬ್ಬರು, ಅಂದರೆ ಆಸ್ಟ್ರೇಲಿಯ ಮತ್ತು ಅಮೆರಿಕ, 1985ರಿಂದ ಪ್ರತ್ಯೇಕವಾಗಿ ಸೇರತೊಡಗಿದರು. ಆಸ್ಮಿನ್ ಎಂದು ಕರೆಯಲಾಗುವ ಈ ಸಭೆಯಲ್ಲಿ ಎರಡೂ ಕಡೆಯ ವಿದೇಶಾಂಗ ಮತ್ತು ರಕ್ಷಣಾ ಸಚಿವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಸಾಮಾನ್ಯವಾಗಿ ಸರದಿಯಂತೆ ಎರಡೂ ದೇಶಗಳಲ್ಲಿ ನಡೆಯುವ ಇದಕ್ಕೆ ಅಧಿಕಾರಿಗಳು ಮೊದಲೇ ನೆಲ ಹದ ಮಾಡಿರುತ್ತಾರೆ. ಕೊನೆಗೆ ಜಂಟಿ ಹೇಳಿಕೆ ಹೊರಡುತ್ತದೆ. 2018ರಿಂದ ಭಾರತವೂ ಅಮೆರಿಕದೊಂದಿಗೆ ನಡೆಸುತ್ತಿರುವ 2+2 ಮಾತುಕತೆಯ ಸ್ವರೂಪ ಇಂಥದ್ದೇ. ಆದರೆ ಅದರ ಹಿಂದೆ ಪರಸ್ಪರ ರಕ್ಷಣೆಯ ಕರಾರಿಲ್ಲ. ಸಮಾಲೋಚನೆಯ ವ್ಯಾಪ್ತಿಯೂ ಕಾಲಕ್ಕೆ ತಕ್ಕಂತೆ ಹಿಗ್ಗಿದೆ: ಒಪ್ಪಂದದ 60ನೇ ವರ್ಷದಲ್ಲಿ, 2011ರ ಸೆಪ್ಟೆಂಬರ್‌ನಲ್ಲಿ, ಗಂಭೀರ ಸೈಬರ್ ದಾಳಿ ನಡೆದರೂ ಕೂಡಿ ಸಮಾಲೋಚಿಸಬೇಕೆಂದು ಆಸ್ಮಿನ್ ಸಭೆ ತೀರ್ಮಾನಿಸಿತು.

ನಾಲ್ಕನೆಯ ವಿಧಿ ಬಳಕೆಗೆ ಬಂದದ್ದು ಒಂದೇ ಬಾರಿ. 2001ರ ಸೆಪ್ಟೆಂಬರ್ 10ರಂದು ಒಪ್ಪಂದದ ಸುವರ್ಣೋತ್ಸವಕ್ಕೆಂದು ಆಸ್ಟ್ರೇಲಿಯದ ಪ್ರಧಾನಿ ಜಾನ್ ಹೊವಾರ್ಡ್ ವಾಷಿಂಗ್ಟನ್ನಿನಲ್ಲಿದ್ದರು. ಮರುದಿನ ಭಯೋತ್ಪಾದಕ ದಾಳಿಯಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಸೆಪ್ಟೆಂಬರ್ 14ರಂದು ಆಸ್ಟ್ರೇಲಿಯ ಆ ವಿಧಿಯನ್ನು ಚಾಲನೆಗೆ ತಂದಿತು. ಅಮೆರಿಕ ತನ್ನ ರಕ್ಷಣೆಗೆ ಬರಲೆಂದು ಸ್ಪೆಂಡರ್ ಬರೆಸಿದ ಕರಾರು ಕಡೆಗೆ ಉಪಯೋಗಕ್ಕೆ ಬಂದದ್ದು ಅಮೆರಿಕದ ಬೆಂಬಲಕ್ಕೆ.

ಸಭೆ ನಡೆದಾಕ್ಷಣ ನಂಬಿಕೆ ಉಳಿಯುತ್ತದೆ ಎನ್ನುವಂತಿಲ್ಲ. 2021ರ ಆಗಸ್ಟ್ 30ರಂದು ಆಸ್ಟ್ರೇಲಿಯ ಮತ್ತು ಫ್ರಾನ್ಸ್‌ನ ಸಚಿವರು ತಮ್ಮ 2+2 ಸಭೆಯ ಹೇಳಿಕೆಯಲ್ಲಿ ಜಲಾಂತರ್ಗಾಮಿ ಯೋಜನೆಯ ಮಹತ್ವವನ್ನು ಒತ್ತಿ ಹೇಳಿದ್ದರು. ಮುಂದಿನ ತಿಂಗಳ ನಡುವಿನಲ್ಲಿ ಬ್ರಿಟನ್, ಅಮೆರಿಕಗಳೊಂದಿಗೆ ಆಕಸ್ ಎಂಬ ಭದ್ರತಾ ಒಪ್ಪಂದವನ್ನು ಪ್ರಕಟಿಸಿದ ಆಸ್ಟ್ರೇಲಿಯ, ಫ್ರಾನ್ಸಿನ 12 ಜಲಾಂತರ್ಗಾಮಿಗಳ ಯೋಜನೆಯನ್ನು ಕೈಬಿಟ್ಟಿತು. ಮರುದಿನವೇ ವಾಷಿಂಗ್ಟನ್ನಿನಲ್ಲಿ ಆಸ್ಮಿನ್ ಸಭೆ ನಡೆಯಿತು. ಫ್ರಾನ್ಸ್ ಕ್ಯಾನ್‌ಬೆರಾ ಮತ್ತು ವಾಷಿಂಗ್ಟನ್ ಎರಡರಿಂದಲೂ ತನ್ನ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡಿತು.

ಇತ್ತ ನ್ಯೂಜಿಲೆಂಡ್ ಮತ್ತು ಅಮೆರಿಕ 2010ರ ವೆಲಿಂಗ್ಟನ್ ಘೋಷಣೆ, 2012ರ ವಾಷಿಂಗ್ಟನ್ ಘೋಷಣೆಗಳ ಮೂಲಕ ಮತ್ತೆ ಹತ್ತಿರವಾದವು. 2016ರಲ್ಲಿ ಕೈಕೌರಾ ಭೂಕಂಪದ ಪರಿಹಾರಕ್ಕೆ ಅಮೆರಿಕದ ಸ್ಯಾಂಪ್ಸನ್ ಯುದ್ಧನೌಕೆ ನೆರವಾಯಿತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ನಡುವೆ ಒಪ್ಪಂದ ಎಂದೂ ನಿಂತಿರಲಿಲ್ಲ. ಆ ಎರಡು ದೇಶಗಳ ಸಚಿವರ ಮೊದಲ 2+2 ಸಭೆ 2024ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆಯಿತು.