ಕಾಗೆಬಂಗಾರವಿಲ್ಲದ ಮೈಕಾ

ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆ ಮಾಡಿಸಿದವರಿಗೆಲ್ಲ ಬಡಗಿ ಕೇಳುವ ಒಂದು ಪ್ರಶ್ನೆ ಗೊತ್ತಿರುತ್ತದೆ: ‘ಬಾಗಿಲಿಗೆ ಮೈಕಾ ಯಾವುದು?’ ಅಂಗಡಿಗೆ ಹೋದರೆ ಮಾದರಿ ತುಂಡುಗಳ ದಪ್ಪ ಪುಸ್ತಕ ಎದುರಿಗೆ ಬರುತ್ತದೆ. ತೇಗದ ಗೆರೆ, ಅಮೃತಶಿಲೆಯ ಮಚ್ಚೆ, ಬಟ್ಟೆಯ ನೇಯ್ಗೆ, ಯಾವುದು ಬೇಕಾದರೂ ಉಂಟು. ಊರಿನಲ್ಲಿ ಹಿರಿಯರು ಇದನ್ನೇ ‘ಸನ್‌ಮೈಕಾ’ ಎನ್ನುತ್ತಾರೆ. ಒಂದು ಕಂಪನಿಯ ಬ್ರ್ಯಾಂಡ್ ಇಡೀ ವಸ್ತುವಿನ ಹೆಸರಾಗಿ ನಿಂತಿದೆ. ಆದರೆ ಈ ಮೈಕಾದಲ್ಲಿ ಮೈಕಾ ಇಲ್ಲ. ಅದು ರಾಳದಲ್ಲಿ ನೆನೆಸಿ ಒತ್ತಿದ ಕಾಗದ. ಇಲ್ಲದ ವಸ್ತುವಿನ ಹೆಸರು ಬಾಗಿಲಿಗೆ ಅಂಟಿಕೊಂಡಿದ್ದು ಹೇಗೆ ಎಂಬುದಕ್ಕೆ ನೂರು ವರ್ಷ ಮೀರಿದ ಕಥೆಯಿದೆ. ಅದರ ಒಂದು ಕೊನೆ ನಮ್ಮ ದೇಶದಲ್ಲೇ ಇದೆ.

ನಿಜವಾದ ಮೈಕಾ ಎಂದರೆ ಕನ್ನಡದ ಕಾಗೆಬಂಗಾರ. ವೈದ್ಯರ ಬಾಯಲ್ಲಿ ಅಭ್ರಕ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುವ, ಮಿರಮಿರ ಮಿಂಚುವ ಖನಿಜ. ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಬಿಸಿಗೆ ಜಗ್ಗುವುದಿಲ್ಲ. ಹಾಗಾಗಿ ವಿದ್ಯುತ್ ಮೋಟಾರುಗಳ ಕಾಲ ಬಂದಾಗ ಇದಕ್ಕೆ ಬೆಲೆ ಬಂತು. 20ನೇ ಶತಮಾನದ ಮೊದಲರ್ಧದಲ್ಲಿ ಜಗತ್ತಿಗೆ ಬೇಕಾದ ಹಾಳೆ ಅಭ್ರಕದ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಈಗಿನ ಜಾರ್ಖಂಡಿನ ಕೊಡರ್ಮಾ, ಹಜಾರಿಬಾಗ್, ಗಿರಿಡೀಹ್ ಸೀಮೆ ಮತ್ತು ಆಂಧ್ರದ ನೆಲ್ಲೂರು ಇದರ ತವರು. ಗಣಿಯಿಂದ ಬಂದ ಗಟ್ಟಿಯನ್ನು ಚೂರಿ ಹಿಡಿದು ಕೈಯಿಂದಲೇ ತೆಳ್ಳಗೆ ಸೀಳಬೇಕಿತ್ತು. ಆ ಕೆಲಸದಲ್ಲಿ ಹೆಂಗಸರು, ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು.

ದೂರದಿಂದ ಬರುವ ಈ ದುಬಾರಿ ಖನಿಜಕ್ಕೆ ಬದಲಿಯೊಂದು ಬೇಕೆಂದು ಅಮೆರಿಕದಲ್ಲಿ ಹುಡುಕಾಟ ನಡೆದಿತ್ತು. ಲಿಯೋ ಬೇಕ್‌ಲೆಂಡ್ 1907ರಲ್ಲಿ ಬೇಕಲೈಟ್ ರಾಳ ಕಂಡುಹಿಡಿದಿದ್ದ. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಒಕಾನರ್ ಮತ್ತು ಹರ್ಬರ್ಟ್ ಫೇಬರ್ ಅಂಥ ರಾಳವನ್ನು ಪದರಗಳಿಗೆ ಕುಡಿಸಿ, ಒತ್ತಿ, ಗಟ್ಟಿ ಹಲಗೆ ಮಾಡುವ ದಾರಿ ಕಂಡುಕೊಂಡರು. 1913ರಲ್ಲಿ ಕೆಲಸ ಬಿಟ್ಟು ಸಿನ್ಸಿನಾಟಿಯಲ್ಲಿ ತಮ್ಮದೇ ಕಂಪನಿ ಕಟ್ಟಿದರು. ‘ಫಾರ್ ಮೈಕಾ’, ಅಂದರೆ ಮೈಕಾದ ಬದಲಿಗೆ ಎಂಬುದರಿಂದ ಹುಟ್ಟಿದ ಹೆಸರು ಫಾರ್ಮೈಕಾ. ಮೊದಲು ಅದು ಹೋದದ್ದು ಮೋಟಾರಿನ ಒಳಗೆ. ಅಡುಗೆಮನೆಯ ಯೋಚನೆ ಯಾರಿಗೂ ಇರಲಿಲ್ಲ.

ಅಲಂಕಾರದ ಹೆಜ್ಜೆ ಬಂದದ್ದು 1927ರಲ್ಲಿ. ಒಳಗಿನ ಕಂದು ಬಣ್ಣ ಕಾಣದಂತೆ ಮರೆಮಾಡುವ ಹಾಳೆಯೊಂದನ್ನು ಸೇರಿಸಿ, ಅದರ ಮೇಲೆ ಮರದ ಗೆರೆ ಅಥವಾ ಕಲ್ಲಿನ ಚಿತ್ರ ಮುದ್ರಿಸುವ ವಿಧಾನಕ್ಕೆ ಕಂಪನಿ ಪೇಟೆಂಟ್ ಪಡೆಯಿತು. 1930ರ ದಶಕದ ಕೊನೆಗೆ ಮೆಲಮೈನ್ ರಾಳ ಕೈಗೆ ಸಿಕ್ಕಿತು. ಅದು ತಿಳಿಯಾದ, ಗಟ್ಟಿಯಾದ ರಾಳ. ಬಿಸಿಗೂ ಕಲೆಗೂ ತಡೆಯುತ್ತದೆ. ಇಂದಿಗೂ ಲ್ಯಾಮಿನೇಟ್ ಹಾಳೆಯ ರಚನೆ ಅದೇ: ಕೆಳಗೆ ಫಿನಾಲಿಕ್ ರಾಳದಲ್ಲಿ ನೆನೆದ ಕಂದು ಕಾಗದದ ಪದರಗಳು, ಮೇಲೆ ಮೆಲಮೈನ್ ಕುಡಿದ ಚಿತ್ರದ ಕಾಗದ. ಎಲ್ಲವನ್ನೂ ಕಾದ ಪ್ರೆಸ್ಸಿನಲ್ಲಿ ಒತ್ತಿದರೆ 1 ಮಿಲಿಮೀಟರಿನ ಹಾಳೆ ಸಿದ್ಧ. ಎಂಟಡಿ ಉದ್ದ, ನಾಲ್ಕಡಿ ಅಗಲ.

ನಮ್ಮ ಬಡಗಿಗಳ ಕೈಯಲ್ಲಿ ಇದು ನೆಲೆಯೂರಲು ಅಂಟೂ ಬದಲಾಗಬೇಕಿತ್ತು. ಮೊದಲು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಅಂಟನ್ನು ಒಲೆಯ ಮೇಲೆ ಕಾಯಿಸಿ ಬಳಸುತ್ತಿದ್ದರು. 1959ರಲ್ಲಿ ಬಲವಂತ ಪಾರೇಖ್ ಮುಂಬೈಯಲ್ಲಿ ಫೆವಿಕಾಲ್ ತಂದರು. ಕಾಯಿಸುವ ತಾಪತ್ರಯವಿಲ್ಲದ ಬಿಳಿ ಅಂಟು. ಪ್ಲೈವುಡ್ಡು, ಫೆವಿಕಾಲ್, ಮೈಕಾ ಎಂಬ ಮೂರು ಮಾತಿನಲ್ಲಿ ಮಧ್ಯಮವರ್ಗದ ಅಡುಗೆಮನೆ ಎದ್ದು ನಿಂತಿತು. ತೇಗ ಕೊಳ್ಳಲಾಗದವರಿಗೆ ತೇಗದ ಚಿತ್ರ ಸಿಕ್ಕಿತು. ಒಗ್ಗರಣೆಯ ಜಿಡ್ಡು ಒದ್ದೆಬಟ್ಟೆಗೆ ಹೋಗುವಂತಾಯಿತು. ಅದನ್ನು ಹಗುರವಾಗಿ ಕಾಣಬೇಕಿಲ್ಲ.

ಈಗ ಆಯ್ಕೆ ಹೆಚ್ಚಿದೆ. ಕನ್ನಡಿಯಂಥ ಹೊಳಪಿಗೆ ಅಕ್ರಿಲಿಕ್, ಬಾಗಿಲಿನ ಅಂಚನ್ನೂ ಸುತ್ತಿಕೊಳ್ಳುವ ಪಿವಿಸಿ ಮೆಂಬ್ರೇನ್, ನಿಜವಾದ ಮರದ ತೆಳು ಹಾಳೆಯ ವಿನೀರ್, ಹಿಂಬದಿಗೆ ಬಣ್ಣ ಬಳಿದ ಗಾಜು, ಸ್ಪ್ರೇ ಮಾಡಿದ ಪಿಯು ಪೇಂಟು. ಇವುಗಳ ನಡುವೆ ಕಾಗೆಬಂಗಾರ ಸದ್ದಿಲ್ಲದೆ ವಾಪಸು ಬಂದಿದೆ. ಮುತ್ತಿನಂತೆ ಮಿನುಗುವ ಪೇಂಟುಗಳ ಮಿನುಗು ಬಹಳ ಸಲ ಅಭ್ರಕದ ಪುಡಿಯದೇ. ಕಾರಿನ ಬಣ್ಣಕ್ಕೆ, ಲಿಪ್‌ಸ್ಟಿಕ್ಕಿಗೆ ಹೋಗುವುದೂ ಅದೇ. ಮೈಕಾ ಎಂದು ಕರೆಯುವ ಬಾಗಿಲಿನಲ್ಲಿ ಅದು ಇಲ್ಲ. ಹೆಸರೇ ಹೇಳದ ಬಾಗಿಲಿನಲ್ಲಿ ಇರಬಹುದು.

ಅದು ಎಲ್ಲಿಂದ ಬರುತ್ತದೆ? ಕೊಡರ್ಮಾ ಸೀಮೆಯಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಗಣಿಗಳು ಒಂದೊಂದಾಗಿ ಮುಚ್ಚಿದವು, ಹಸಿವು ಮುಚ್ಚಲಿಲ್ಲ. ಪಾಳುಬಿದ್ದ ಗಣಿಗಳಲ್ಲಿ ಚೂರು ಆಯುವುದೇ ಊರವರ ಜೀವನವಾಯಿತು. ಆ ಚೂರಿಗೆ ಅಲ್ಲಿನವರು ಢಿಬ್ರಾ ಎನ್ನುತ್ತಾರೆ. ಮಣ್ಣು ಕುಸಿಯುವ ಆ ಬಿಲಗಳಲ್ಲಿ ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತದ್ದನ್ನು 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ವರದಿ ಮಾಡಿತು.

ಮಾದರಿ ಪುಸ್ತಕದಲ್ಲಿ ಬಣ್ಣದ ನಂಬರಿರುತ್ತದೆ, ದಪ್ಪ ಇರುತ್ತದೆ, ಚದರಡಿಗೆ ದರ ಇರುತ್ತದೆ. ಮಿನುಗುವ ಪೇಂಟನ್ನು ಆರಿಸುವವರು ಅಂಗಡಿಯವನನ್ನು ಇನ್ನೊಂದು ಮಾತು ಕೇಳಬಹುದು: ಈ ಮಿನುಗು ಎಲ್ಲಿಯದು? ಅವನಿಗೆ ಉತ್ತರ ತಿಳಿಯದಿರಬಹುದು. ಹತ್ತು ಜನ ಕೇಳಿದರೆ ಅವನೂ ತನಗೆ ಮಾಲು ಕೊಡುವವನನ್ನು ಕೇಳಿಯಾನು.