ನಲವತ್ತು ಸಾವಿರದ ಕಂಪ್ಯೂಟರ್, ಎರಡು ಸಲ

ನಮ್ಮನೆಗೆ ನಲವತ್ತು ಸಾವಿರ ರೂಪಾಯಿಯ ಕಂಪ್ಯೂಟರ್ ಎರಡು ಸಲ ಬಂದಿದೆ. ಮೊದಲನೆಯದು 1999ರಲ್ಲಿ, ಎರ್ಣಾಕುಲಂ ಎಂ.ಜಿ. ರೋಡಿನ ಅಂಗಡಿಯಿಂದ ಆಟೋದಲ್ಲಿ. ಮಾನಿಟರ್ ನನ್ನ ತೊಡೆಯ ಮೇಲೆ, ಸಿಪಿಯು ಡಬ್ಬ ಕಾಲ ಬುಡದಲ್ಲಿ. ಎರಡನೆಯದು 2025ರ ಡಿಸೆಂಬರಿನಲ್ಲಿ, ತಿರುವನಂತಪುರದಿಂದ ರೈಲಿನಲ್ಲಿ, ಮಗಳ ಊಟದ ಚೀಲದೊಳಗೆ! ಈ ಎರಡರ ನಡುವಿನ ಇಪ್ಪತ್ತಾರು ವರ್ಷದಲ್ಲಿ ಏನೇನಾಯ್ತು ಅಂತ ಬರೆದಿಡೋಣ ಅನ್ನಿಸಿತು. ಫೋಟೋ ತಿದ್ದಲು ಸಣ್ಣದೊಂದು ಕಂಪ್ಯೂಟರ್ ಬೇಕು ಅನ್ನುವವರಿಗೆ ಉಪಯೋಗಕ್ಕೂ ಬಂದೀತು.

ನಾನು ಪುತ್ತೂರು ಕಡೆಯವನು. 1986ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಕೊಚ್ಚಿಗೆ ಬಂದೆ, ಇಲ್ಲೇ ಉಳಿದೆ. ಮನೆ ಆಲುವಾದಲ್ಲಿ, ಪೆರಿಯಾರ್ ನದಿಗೆ ಹತ್ತಿರ. 2018ರ ಆಗಸ್ಟ್ ಇಲ್ಲಿನವರು ಯಾರೂ ಮರೆಯುವುದಿಲ್ಲ. 26 ವರ್ಷದ ನಂತರ ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲು ತೆರೆದರು. ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ 15ನೇ ತಾರೀಕು ಮುಚ್ಚಿದ್ದು, ಮತ್ತೆ ತೆರೆದದ್ದು 29ಕ್ಕೆ. ನಮ್ಮ ಮನೆಯಲ್ಲಿ ಸೊಂಟದ ಮಟ್ಟಕ್ಕೆ ನೀರು ನಿಂತಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿ ಅಮ್ಮನ ಆಲ್ಬಮ್‌ಗಳಿದ್ದವು.

ಫೋಟೋ ಕಾಗದದ ಮೇಲಿರುವುದು ಜಿಲೆಟಿನ್ ಪದರ. ನೀರು ಕುಡಿದು ಉಬ್ಬುತ್ತೆ, ಒಣಗುವಾಗ ಪಕ್ಕದ ಫೋಟೋಗೋ ಪ್ಲಾಸ್ಟಿಕ್ಕಿಗೋ ಅಂಟಿಕೊಳ್ಳುತ್ತೆ. ಆಮೇಲೆ ಎಳೆದರೆ ಮುಖವೇ ಕಿತ್ತು ಬರುತ್ತೆ. ಹಾಗಾಗಿ ಒದ್ದೆ ಇದ್ದಾಗಲೇ ಒಂದೊಂದಾಗಿ ಬಿಡಿಸಿ, ಒಳ್ಳೆ ನೀರಲ್ಲಿ ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆವು. ಉಳಿದದ್ದು ಸುಮಾರು 1400 ಫೋಟೋ. ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟೆ. ಕಲೆ ತೆಗೆಯುವ ಕೆಲಸ ಮಾತ್ರ ನಾಳೆ ನಾಳೆ ಅಂತ ಏಳು ವರ್ಷ ಹೋಯ್ತು. ಹಳೆ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು. ಅದೇ ವಾರ ಅಮ್ಮ ಕೇಳಿದ್ರು, "ಅವರ ಮುಖದ ಮೇಲಿನ ಆ ಕಲೆ ತೆಗಿಲಿಕ್ಕೆ ಆಗುದಿಲ್ವಾ?" ಅಮ್ಮನಿಗೆ ಈಗ ಎಂಬತ್ತಾರು. ಇನ್ನು ನಾಳೆ ಅನ್ನುವ ಹಾಗಿರಲಿಲ್ಲ.

ಮೊದಲು ಲೆಕ್ಕ ಹಾಕಿದೆ (ಬ್ಯಾಂಕಿನವನ ಚಾಳಿ, ಬಿಡುವುದಿಲ್ಲ). 4×6 ಇಂಚಿನ ಫೋಟೋವನ್ನು ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 2400×3600, ಅಂದರೆ 86 ಲಕ್ಷ ಚುಕ್ಕೆ. ಒಂದು ಚುಕ್ಕೆಗೆ ಮೂರು ಬೈಟ್ ಹಿಡಿದರೂ ಒಂದು ಫೋಟೋಗೆ 26 ಎಂಬಿ. ಬಣ್ಣ ಹೆಚ್ಚು ತಿದ್ದಬೇಕೆಂದು 16 ಬಿಟ್ಟಿನಲ್ಲಿ ಇಟ್ಟರೆ 52. ಅದರ ಮೇಲೆ ನಾಲ್ಕು ಲೇಯರ್ ಹಾಕಿದರೆ ಇನ್ನೂರು ದಾಟುತ್ತೆ. ನನ್ನ 1999ರ ಕಂಪ್ಯೂಟರಿನ ಒಟ್ಟು ರ‍್ಯಾಮ್ ಎಷ್ಟು ಗೊತ್ತಾ? 64 ಎಂಬಿ!

ಆಗ ತಂತ್ರಾಂಶ ಇರಲಿಲ್ಲ ಅಂತಲ್ಲ. ಫೋಟೋಶಾಪ್ 1990ರಲ್ಲೇ ಬಂದಿತ್ತು. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು ಬರೆದ ಗಿಂಪ್ 1996ಕ್ಕೆ ಜನರ ಕೈಗೆ ಸಿಕ್ಕಿತ್ತು, ಅದೂ ಪುಕ್ಕಟೆ. ಯಂತ್ರಕ್ಕೆ ಶಕ್ತಿ ಸಾಲದು, ಶಕ್ತಿ ಇದ್ದ ಯಂತ್ರ ನಮ್ಮ ಸಂಬಳಕ್ಕೆ ಎಟುಕದು, ಅಷ್ಟೇ.

ಡಬ್ಬ ಸಣ್ಣದಾದ ಕಥೆಗೆ ಜನ ನೆನೆಯುವ ವರ್ಷ 2005. ಆ ಜನವರಿಯಲ್ಲಿ ಆಪಲ್ ಮ್ಯಾಕ್ ಮಿನಿ ತಂದಿತು. ಆರೂವರೆ ಇಂಚು ಚೌಕ, ಎರಡಿಂಚು ಎತ್ತರ, ಬೆಲೆ 499 ಡಾಲರ್. ಮಾನಿಟರ್, ಕೀಬೋರ್ಡ್ ನೀವೇ ತಂದುಕೊಳ್ಳಿ. ಒಳಗಿದ್ದದ್ದು ಲ್ಯಾಪ್‌ಟಾಪಿನಂಥ ಭಾಗಗಳೇ. ಆಮೇಲೆ ಇಂಟೆಲ್ ನುಕ್ ಬಂತು. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಅಂತ ಆಫೀಸುಗಳಿಗಾಗಿ ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟೇ ಜಾಗ ಹಿಡಿಯುವ ಡಬ್ಬಗಳು ಬಂದವು. ಬಿಸಿ ಕಡಿಮೆ ಮಾಡುವ ಪ್ರೊಸೆಸರ್, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ, ಇವೆರಡು ಸೇರಿದ್ದಕ್ಕೆ ಇದೆಲ್ಲ ಆಯ್ತು.

ನನ್ನ ಮುಂದೆ ಮೂರು ದಾರಿ ಇತ್ತು. ಹೊಸ ಮ್ಯಾಕ್ ಮಿನಿ ಒಂದು. 2024ರ ಕೊನೆಗೆ ಬಂದ ಎಂ4 ಮಾದರಿಗೆ ಶುರುವಿನ ಬೆಲೆ 59,900, ರ‍್ಯಾಮ್ 16 ಜಿಬಿ. ಯಂತ್ರ ಚೆನ್ನ, ಆದರೆ ರ‍್ಯಾಮ್ ಮುಂದೆ ಹೆಚ್ಚಿಸಲು ಬರುವುದಿಲ್ಲ, ಮಾನಿಟರಿಗೆ ದುಡ್ಡು ಉಳಿಯುವುದಿಲ್ಲ. ಎರಡನೆಯದು ಹೊಸ ಮಿನಿ ಪಿಸಿ. ನುಕ್ ತಯಾರಿಕೆಯನ್ನು ಇಂಟೆಲ್ 2023ರಲ್ಲಿ ನಿಲ್ಲಿಸಿ ಆಸುಸ್‌ಗೆ ವಹಿಸಿತು. ಮೂರನೆಯದು ಕಂಪನಿಗಳು ಬಳಸಿ ಮಾರುವ ಆಫೀಸ್ ಡಬ್ಬ. ಎರ್ಣಾಕುಲಂ ಪೆಂಟಾ ಮೇನಕದಲ್ಲಿ ಒಂದು ಸುತ್ತು ಹಾಕಿದೆ. ಅಂಗಡಿಯ ಚೇಟ್ಟ ಒಬ್ಬರು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ತೋರಿಸಿ ಇದಿಲ್ಲದೆ ಫೋಟೋ ಕೆಲಸ ಆಗದು ಅಂದರು. ವಿಡಿಯೋ ಮಾಡುವವರಿಗೆ, ಎಐ ಮೇಲೆ ಕೆಲಸ ಬಿಡುವವರಿಗೆ ಅದು ಬೇಕಾದೀತು. ಸ್ಕ್ಯಾನ್ ಮಾಡಿದ ಫೋಟೋದ ಕಲೆ ಒರೆಸಲು ಬೇಡ.

ಮಗಳು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ. 1990ರಲ್ಲಿ ಶುರುವಾದ ಈ ಪಾರ್ಕ್ ದೇಶದಲ್ಲೇ ಮೊದಲನೆಯದು. ಕಂಪನಿಗಳಿರುವ ಊರಲ್ಲಿ ಅವು ಬಳಸಿ ಬಿಟ್ಟ ಯಂತ್ರಗಳೂ ಸಿಗುತ್ತವೆ ನೋಡಿ. "ಅಪ್ಪಾ, ಎಂಟನೇ ತಲೆಮಾರಿನ ಐ5 ಒಂದುಂಟು, 18 ಸಾವಿರ" ಅಂತ ಫೋನ್ ಮಾಡಿದಳು. ಇಂಟೆಲ್ ಪ್ರೊಸೆಸರಿನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯವು ಬಹುಮಟ್ಟಿಗೆ ವಿಂಡೋಸ್ 11ಕ್ಕೆ ಸಲ್ಲುವುದಿಲ್ಲ. ಅಲ್ಲಿಂದ ಕೆಳಗಿನದು ಅಗ್ಗಕ್ಕೆ ಸಿಕ್ಕಿದರೂ ಯೋಚಿಸಿ. ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 512 ಜಿಬಿ. ನನ್ನ 1400 ಫೋಟೋಗೆ ತಲಾ 26 ಎಂಬಿಯಂತೆ ಬೇಕಾದದ್ದು 36 ಜಿಬಿ, ಧಾರಾಳ. ಅಡಾಪ್ಟರ್ 65 ವ್ಯಾಟಿನದು, ಹಾಗಾಗಿ ಮಳೆಗಾಲದಲ್ಲಿ ಕರೆಂಟು ಹೋದರೆ ಸಣ್ಣ ಯುಪಿಎಸ್ಸೂ ಎಳೆಯುತ್ತೆ. ಉಳಿದ ದುಡ್ಡಲ್ಲಿ 11 ಸಾವಿರಕ್ಕೆ 24 ಇಂಚಿನ ಐಪಿಎಸ್ ಮಾನಿಟರ್, 10 ಸಾವಿರಕ್ಕೆ ಎರಡು ಹೊರ ಡಿಸ್ಕ್. ಮಾನಿಟರ್ ಬಣ್ಣ ಸುಳ್ಳು ಹೇಳಿದರೆ ಪ್ರೊಸೆಸರ್ ಎಂಥದ್ದಿದ್ದೂ ಪ್ರಯೋಜನ ಇಲ್ಲ. ಡಿಸ್ಕ್ ಎರಡು ಯಾಕೆಂದರೆ ಒಂದು ನಮ್ಮಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಪೆರಿಯಾರ್ ಕಲಿಸಿದ ಪಾಠ. ಒಟ್ಟು 39 ಸಾವಿರ.

ಇನ್ನು ತಂತ್ರಾಂಶ. ಫೋಟೋಶಾಪ್ ಅನ್ನು 2013ರಿಂದ ಬಾಡಿಗೆ ಮನೆಯಂತೆ ಮಾಡಿದ್ದಾರೆ, ಚಂದಾ ಕಟ್ಟುತ್ತಲೇ ಇರಬೇಕು. ಪಿಂಚಣಿದಾರನಿಗೆ ಅದು ಒಗ್ಗದು. ಇಲ್ಲಿ ನನ್ನನ್ನು ಕಾಪಾಡಿದವನು ಕುಂಬಳೆಯ ತಂಗಿಯ ಮಗ. "ಮಾವ, ಗಿಂಪ್ ಸಾಕು, ನಾವು ಹೈಸ್ಕೂಲಿನಲ್ಲೇ ಕಲಿತದ್ದು" ಅಂದ. ಕನ್ನಡ ಮೀಡಿಯಂ ಹುಡುಗ! ಅದರ ಹಿಂದಿನ ಕಥೆ ನನಗೆ ಹಿಡಿಸಿತು. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಹೊರಟಿತು. ಅದೇ ವರ್ಷ ಜುಲೈಯಲ್ಲಿ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಚಾಲನೆ ಕೊಟ್ಟರು. ಶಾಲೆಗಳಲ್ಲಿ ಮೊದಲು ವಿಂಡೋಸೇ ಇತ್ತು. ಶಿಕ್ಷಕರ ಮತ್ತು ತಂತ್ರಾಂಶ ಪ್ರಿಯರ ಒತ್ತಾಯದಿಂದ ಕೆಲವೇ ವರ್ಷಗಳಲ್ಲಿ ಲಿನಕ್ಸಿಗೆ ಬದಲಾಯಿಸಿದರು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಕಂಪನಿಯಾಯ್ತು. ಕಾಸರಗೋಡಿನ ಕನ್ನಡ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ಸಿಗುತ್ತೆ. ಪುತ್ತೂರಿನವನಾದ ನನಗೆ ಸಿಗದ ವಿದ್ಯೆ, 1956ರಲ್ಲಿ ಕೇರಳಕ್ಕೆ ಸೇರಿದ ಕುಂಬಳೆಯ ಕನ್ನಡದಲ್ಲಿ ನನ್ನ ಮನೆಗೆ ಬಂತು.

ಹುಡುಗ ಎರಡು ದಿನ ಉಳಿದು ಹೀಲ್, ಕ್ಲೋನ್ ಹೇಳಿಕೊಟ್ಟ. ಮೂಲ ಸ್ಕ್ಯಾನನ್ನು ಮುಟ್ಟಬಾರದು, ಪ್ರತಿ ಮಾಡಿ ತಿದ್ದಬೇಕು ಅಂತ ಕಟ್ಟುನಿಟ್ಟು ಮಾಡಿದ. ಅಪ್ಪನ ಕೆನ್ನೆಯ ಕಂದು ಕಲೆ ಮೂರು ಸಂಜೆಯಲ್ಲಿ ಹೋಯ್ತು. ಎಡಗಿವಿಯ ಜಾಗದಲ್ಲಿ ಮಾತ್ರ ಪದರವೇ ಕಿತ್ತುಹೋಗಿ ಬರೀ ಬಿಳಿ. ಎಐ ಹಾಕಿದರೆ ಒಂದು ಕಿವಿ ಕೂರಿಸಿ ಕೊಡುತ್ತೆ ಅಂದ. ಆದರೆ ಅದು ಅಪ್ಪನ ಕಿವಿ ಅಲ್ಲವಲ್ಲ.. ಹಾಗೇ ಬಿಟ್ಟೆ.

ಅಮ್ಮ ಮಾನಿಟರಿನ ಹತ್ತಿರ ಕುರ್ಚಿ ಎಳೆದು ತುಂಬ ಹೊತ್ತು ನೋಡಿದರು. ಕಿವಿ ಸರಿ ಮಾಡಲಿಕ್ಕೆ ಆಗಲಿಲ್ಲ ಅಂದೆ. "ಅದು ಹೇಗಿತ್ತು ಅಂತ ನನಗೆ ಗೊತ್ತುಂಟಲ್ಲ" ಅಂದರು.

ಇನ್ನೂ 1390 ಫೋಟೋ ಬಾಕಿ ಇದೆ. ನಿಮ್ಮ ಮನೆಯ ಆಲ್ಬಮ್ ಕಪಾಟಿನ ಕೆಳಗಿನ ಖಾನೆಯಲ್ಲಿದ್ದರೆ, ಕಂಪ್ಯೂಟರ್ ಆಮೇಲೆ ಕೊಳ್ಳಿ, ಇವತ್ತೇ ಅದನ್ನು ಮೇಲಿನ ಖಾನೆಗೆ ಎತ್ತಿಡಿ.