ಥಾರ್ ಮರಳಿನ ಮೇಲೆ ತ್ರಿಕೋನಗಳು

ರಾಜಸ್ಥಾನದ ಪಶ್ಚಿಮದಿಂದ ಸಿಂಧ್‌ನ ಪೂರ್ವಭಾಗದವರೆಗೆ ಹಬ್ಬಿರುವ ಥಾರ್ ಮರುಭೂಮಿ 19ನೇ ಶತಮಾನದ ನಡುವಿನಲ್ಲಿ ಕ್ರಮಬದ್ಧ ಸರ್ವೆಗೆ ಒಳಪಟ್ಟಿತು. 1843ರಲ್ಲಿ ಸಿಂಧ್, 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾದವು. ಹೊಸದಾಗಿ ಕೈಸೇರಿದ ಸೀಮೆಗಳನ್ನು ಉಳಿದ ಭಾರತದ ನಕ್ಷೆಗೆ ಜೋಡಿಸಲು ಮಹಾ ತ್ರಿಕೋನಮಿತಿ ಸರ್ವೆಯು ಮಧ್ಯಭಾರತದ ಸಿರೋಂಜ್‌ನಿಂದ ಕರಾಚಿಯವರೆಗೆ ತ್ರಿಕೋನಗಳ ಸರಣಿಯೊಂದನ್ನು ಕೈಗೆತ್ತಿಕೊಂಡಿತು.

ವಿಧಾನ ಹೊಸದಲ್ಲ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯಲ್ಲಿ ಇದನ್ನು ಪರೀಕ್ಷಿಸಿದ್ದ. ಒಂದು ರೇಖೆಯನ್ನು ನೆಲದ ಮೇಲೆ ಅಳೆದರೆ ಸಾಕು. ಮುಂದಿನ ದೂರಗಳೆಲ್ಲ ಥಿಯೋಡಲೈಟ್ ತೋರಿಸುವ ಕೋನಗಳಿಂದ ಲೆಕ್ಕಕ್ಕೆ ಸಿಗುತ್ತವೆ. ಆದರೆ ಒಂದು ಠಾಣೆಯಿಂದ ಇನ್ನೊಂದು ಕಾಣಲೇಬೇಕು. ಮೈಸೂರಿನಲ್ಲಿ ಬೆಟ್ಟಗಳಿದ್ದವು, ಥಾರ್‌ನ ಬಹುಭಾಗದಲ್ಲಿ ಇದ್ದದ್ದು ಮರಳದಿಬ್ಬ, ಅವುಗಳ ಮೇಲೆ ಕುಣಿಯುವ ಬಿಸಿಲ್ಗುದುರೆ.

ಮೊದಲ ಹಂಗಾಮಿನ ನಂತರ ಈ ಸರಣಿಯ ಹೊಣೆ ಮದ್ರಾಸ್ ಅಶ್ವದಳದ ಅಧಿಕಾರಿ ಅಲೆಕ್ಸಾಂಡರ್ ಸ್ಟ್ರೇಂಜ್‌ಗೆ ಬಂತು. ಸುಮಾರು 200 ಜನರ ತಂಡಕ್ಕೆ ದಿನಸಿ ಒದಗಿಸುವುದೇ ಒಂದು ಸಾಹಸವಾಗಿತ್ತು. ಅದಕ್ಕಿಂತ ಕಷ್ಟ ಠಾಣೆ ಕಟ್ಟುವುದು. ಸರ್ವೆಗಾರನ ಕಾಲ ಭಾರಕ್ಕೆ ಉಪಕರಣ ಕೊಂಚ ಅಲುಗಿದರೂ ಕೋನ ಕೆಡುತ್ತದೆ. ಆದ್ದರಿಂದ ಉಪಕರಣ ಕೂರುವ ಗಟ್ಟಿ ಕಂಬವನ್ನೂ ಸರ್ವೆಗಾರ ನಿಲ್ಲುವ ಜಗಲಿಯನ್ನೂ ಒಂದಕ್ಕೊಂದು ತಾಗದಂತೆ ಕಟ್ಟುವುದು ಇಲಾಖೆಯ ರೂಢಿ. ಮರುಭೂಮಿಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೇ ಸಿಗುತ್ತಿರಲಿಲ್ಲ. ಇಷ್ಟಾಗಿಯೂ 1853ರ ಏಪ್ರಿಲ್ 22ರಂದು ಕೆಲಸ ಮುಗಿಯಿತು. 668 ಮೈಲಿ ಉದ್ದದ ಸರಣಿಯಲ್ಲಿ 173 ಪ್ರಧಾನ ತ್ರಿಕೋನಗಳಿದ್ದವು. ಅವು 20,323 ಚದರ ಮೈಲಿಗಳನ್ನು ಆವರಿಸಿದ್ದವು.

ತ್ರಿಕೋನಗಳು ನಕ್ಷೆಗೆ ಚೌಕಟ್ಟು ಮಾತ್ರ. ಅದರೊಳಗೆ ದಿಬ್ಬ, ಹಳ್ಳಿ, ಒಂಟೆದಾರಿ, ಬಾವಿಗಳನ್ನು ತುಂಬುವುದು ಸ್ಥಳಾಕೃತಿ ಸರ್ವೆಯ ಕೆಲಸ. ನಿಶ್ಚಿತ ಬಿಂದುಗಳನ್ನು ಮೊದಲೇ ಗುರುತಿಸಿದ ಕಾಗದವನ್ನು ಪ್ಲೇನ್ ಟೇಬಲ್ಲಿಗೆ ಅಂಟಿಸಿ, ಸರ್ವೆಗಾರ ಸ್ಥಳದಲ್ಲೇ ಕಂಡದ್ದನ್ನು ಬರೆಯುತ್ತಿದ್ದ. ಸಿಂಧ್ ಕಡೆಯಲ್ಲಿ ಮ್ಯಾಕ್‌ಡೊನಾಲ್ಡ್ ಸರ್ವೆ 1855ರಿಂದ 1870ರವರೆಗೆ ನಡೆಯಿತು. ಕಛ್ ಕಡೆಯಲ್ಲಿ ಪುಲ್ಲನ್ ಸರ್ವೆ 1879ರಿಂದ 1886ರವರೆಗೆ.

ದೇಶ ವಿಭಜನೆಯಾದ ಮೇಲೆ ಈ ಹಾಳೆಗಳಿಗೆ ಇನ್ನೊಂದು ಬೆಲೆ ಬಂತು. ಗಡಿ ಕಛ್‌ ರಣ್‌ನ ಉತ್ತರದ ಅಂಚಿನಲ್ಲಿದೆ ಎಂದು ಭಾರತ, ರಣ್‌ನ ನಡುವೆ ಹಾದಿದೆ ಎಂದು ಪಾಕಿಸ್ತಾನ ವಾದಿಸಿದವು. 1965ರ ಸಂಘರ್ಷದ ಬಳಿಕ ರಚನೆಯಾದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ಹಳೆಯ ಸರ್ವೆ ನಕ್ಷೆಗಳೇ ಸಾಕ್ಷ್ಯವಾದವು. 1968ರ ಫೆಬ್ರವರಿ 19ರ ತೀರ್ಪು ವಿವಾದಿತ ಪ್ರದೇಶದ ಸುಮಾರು ಶೇ. 90ರಷ್ಟನ್ನು ಭಾರತಕ್ಕೂ ಉಳಿದದ್ದನ್ನು ಪಾಕಿಸ್ತಾನಕ್ಕೂ ನೀಡಿತು.